ಎರಡು ಬೆರಳು ಬಲಕ್ಕೆ

ಪ್ರಭುದೇವನಿಗೆ ಡಿಪ್ಲೊಮಾ ಇರಲಿಲ್ಲ. ಎಕ್ಸ್‌ರೇ ತೆಗೆಯುವವನಿಗೆ ಅದು ಇರಲೇಬೇಕು ಎಂದು ಕಾನೂನು ಹೇಳುತ್ತದೆ. ಆದರೆ ಕಾನೂನು ಕೊರಟಗೆರೆಗೆ ಬರುವುದು ಎರಡು ವರ್ಷಕ್ಕೊಂದು ಸಲ, ಅದೂ ಮೊದಲೇ ಫೋನ್ ಮಾಡಿ.

ಡಿಪ್ಲೊಮಾದ ಜಾಗದಲ್ಲಿ ಅವನ ಬಳಿ ಎರಡು ಬೆರಳು ಇದ್ದವು.

ಹನ್ನೊಂದು ವರ್ಷದ ಹಿಂದೆ ಅವನು ಡಾಕ್ಟರ್ ಜಯಕುಮಾರ್ ಅವರ ನರ್ಸಿಂಗ್ ಹೋಮಿಗೆ ವಾರ್ಡ್‌ಬಾಯ್ ಆಗಿ ಸೇರಿದ ಹೊಸತರಲ್ಲಿ, ಸುಣ್ಣ ಬಳಿಯುವವರ ಏಣಿ ಜಾರಿ ಎಕ್ಸ್‌ರೇ ಯಂತ್ರದ ತಲೆಗೆ ಬಡಿದಿತ್ತು. ಯಂತ್ರ ಸಾಯಲಿಲ್ಲ. ಅದಕ್ಕೆ ಮೆಳ್ಳೆಗಣ್ಣು ಬಂತು ಅಷ್ಟೇ. ಎಕ್ಸ್‌ರೇ ಕಿರಣ ಕಣ್ಣಿಗೆ ಕಾಣುವುದಿಲ್ಲ. ಅದು ಎಲ್ಲಿ ಬೀಳಲಿದೆ ಎಂದು ತೋರಿಸುವುದಕ್ಕೆ ಯಂತ್ರದ ತಲೆಯೊಳಗೆ ಒಂದು ಸಣ್ಣ ಬಲ್ಬು ಇರುತ್ತದೆ. ಅದರ ಬೆಳಕು ಚೌಕವಾಗಿ ಎಲ್ಲಿ ಬೀಳುತ್ತದೋ ಕಿರಣವೂ ಅಲ್ಲೇ ಬೀಳಬೇಕು. ಏಣಿ ಬಡಿದ ಮೇಲೆ ಬೆಳಕು ಒಂದು ಕಡೆ, ಕಿರಣ ಅದಕ್ಕಿಂತ ಎಡಕ್ಕೆ. ಆಗಿದ್ದ ಟೆಕ್ನಿಷಿಯನ್ ಒಂದು ತಿಂಗಳು ಮೊಣಕಾಲಿನ ಬದಲು ಪಕ್ಕದ ಹಾಸಿಗೆಯ ಫೋಟೋ ತೆಗೆದು, ಬೇಸತ್ತು ತುಮಕೂರಿಗೆ ಹೊರಟುಹೋದ. ಪ್ರಭುದೇವ ಬೆಳಕಿನ ಚೌಕವನ್ನು ಎರಡು ಬೆರಳಿನಷ್ಟು ಬಲಕ್ಕೆ ಸರಿಸಿ ಗುಂಡಿ ಒತ್ತಿದ. ಮೊಣಕಾಲು ಫಿಲ್ಮಿನ ನಡುಮಧ್ಯಕ್ಕೆ ಬಂದು ಕೂತಿತ್ತು. ಡಾಕ್ಟರ್ ಆ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಯಂತ್ರ ರಿಪೇರಿ ಮಾಡಿಸುವ ವಿಚಾರ ಕೈಬಿಟ್ಟರು.

ಅಂದಿನಿಂದ ಆ ಕೋಣೆ ಪ್ರಭುದೇವನದಾಯಿತು. ಸಿದ್ದರಬೆಟ್ಟದ ಮೆಟ್ಟಿಲು ಜಾರಿದವರು, ಬೈಕಿನಿಂದ ಬಿದ್ದವರು, ಆರು ತಿಂಗಳಿಂದ ಕೆಮ್ಮುತ್ತಿದ್ದವರು ಎಲ್ಲರೂ ಅವನ ಎರಡು ಬೆರಳಿನ ಕೆಳಗೆ ಹಾದುಹೋದರು. ಎರಡನೇ ಸಲ ಹೊಡೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಊರಿನಲ್ಲಿ ಅವನಿಗೆ ‘ಒಂದೇ ಏಟಿನ ಪ್ರಭಣ್ಣ’ ಎಂದು ಹೆಸರು ಬಿತ್ತು. ರೋಗಿಗಳು ಬೆಳಕು ಪಕ್ಕಕ್ಕೆ ಬಿದ್ದಿದೆ ಎಂದರೆ ಅವನು ಒಂದೇ ಮಾತು ಹೇಳುತ್ತಿದ್ದ: “ಬೆಳಕು ನಂಬಬ್ಯಾಡಿ. ಬೆಳಕಿಗೂ ಕಿರಣಕ್ಕೂ ಸಂಬಂಧ ಇಲ್ಲ.” ಮೊದಮೊದಲು ಇದು ಯಂತ್ರದ ಬಗ್ಗೆ ಹೇಳಿದ ಮಾತು. ಆಮೇಲೆ ಮದುವೆ ಮನೆಗಳಲ್ಲಿ, ಟೀ ಅಂಗಡಿಯಲ್ಲಿ, ಒಂದು ಸಲ ಸಾವಿನ ಮನೆಯಲ್ಲಿ ಕೂಡ ಅವನು ಇದನ್ನು ಹೇಳಿದ. ಕೇಳಿದವರು ವಚನವಿರಬೇಕು ಎಂದು ಸುಮ್ಮನಾದರು.

ಎದುರುಗಡೆ ಟೈಲರ್ ಅಂಗಡಿಯ ಇನಾಯತುಲ್ಲಾ ಅವನಿಗೆ ಒಂದು ಬಿಳಿ ಕೋಟು ಹೊಲಿದುಕೊಟ್ಟಿದ್ದ. ಜೇಬಿನ ಮೇಲೆ ‘ರೇಡಿಯೋಗ್ರಾಫರ್’ ಎಂದು ದಾರದಲ್ಲಿ ಬರೆಯಲು ಹೊರಟು, ಜೇಬಿನ ಅಗಲ ಸಾಲದೆ ‘ರೇಡಿಯೋ’ಗೆ ನಿಲ್ಲಿಸಿದ್ದ. ಪ್ರಭುದೇವ ಅದನ್ನೇ ಹಾಕಿಕೊಂಡು ಓಡಾಡಿದ.

ಗೋಡೆಯ ಮೇಲೆ ಮಾತ್ರ ಬೇರೆಯವರ ಹೆಸರು. ಶಿರಾದ ತರನ್ನುಮ್ ಎಂಬ ಹುಡುಗಿ ಎಕ್ಸ್‌ರೇ ಡಿಪ್ಲೊಮಾ ಪಾಸು ಮಾಡಿ ಅಲ್ಲಿಯೇ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅವಳ ಸರ್ಟಿಫಿಕೇಟಿನ ಜೆರಾಕ್ಸು ಚೌಕಟ್ಟು ಹಾಕಿಸಿಕೊಂಡು ಕೊರಟಗೆರೆಯಲ್ಲಿ ಕೆಲಸ ಮಾಡುತ್ತಿತ್ತು. ಮೈಗೆ ಎಷ್ಟು ಕಿರಣ ತಾಗಿದೆ ಎಂದು ಅಳೆಯುವ ಬ್ಯಾಡ್ಜೂ ಅವಳ ಹೆಸರಿನಲ್ಲೇ ಬರುತ್ತಿತ್ತು. ಪ್ರಭುದೇವ ಅದನ್ನು ಹೊರಗಿನ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದ. ಮೂರು ತಿಂಗಳಿಗೊಮ್ಮೆ ಅದು ಪರೀಕ್ಷೆಗೆ ಹೋಗಿ, ತಾಗಿದ್ದು ಏನೂ ಇಲ್ಲ ಎಂಬ ವರದಿ ಬರುತ್ತಿತ್ತು. ಆ ಮೊಳೆಯ ಆರೋಗ್ಯ ಬಹಳ ಚೆನ್ನಾಗಿತ್ತು. ಪ್ರಭುದೇವನಿಗೆ ಎಷ್ಟು ತಾಗಿದೆ ಎಂದು ಯಾರೂ ಅಳೆದಿರಲಿಲ್ಲ.

ಈ ಸಲದ ಯಂತ್ರ ಪರೀಕ್ಷೆಯ ಹಿಂದಿನ ದಿನ ಡಾಕ್ಟರ್ ಅವನನ್ನು ಕರೆದರು.

“ನಾಳೆ ನೀನು ಇರಬಾರದು ಪ್ರಭು.”

“ರಜಾನಾ ಸಾರ್?”

“ರಜಾ ಅಲ್ಲ. ನೀನು ಇಲ್ಲ, ಅಷ್ಟೆ. ತರನ್ನುಮ್ ಬರ್ತಾಳೆ. ಆ ಇಂಜಿನಿಯರ್ ಹೋಗೋವರೆಗೂ ಈ ಕಡೆ ತಲೆ ಹಾಕಬೇಡ.”

ಹಾಗಾಗಿ ಮರುದಿನ ಪ್ರಭುದೇವ ಬೆಳಗಿನಿಂದ ಇನಾಯತುಲ್ಲಾನ ಅಂಗಡಿಯ ಸ್ಟೂಲಿನ ಮೇಲೆ, ಎದುರಿನ ಬಾಗಿಲನ್ನು ನೋಡುತ್ತ ಕೂತ. ಶಾಲೆ ಶುರುವಾಗುವ ಕಾಲ. ಅಂಗಡಿಯ ತುಂಬ ನೀಲಿ ಬಟ್ಟೆ. ಇನಾಯತುಲ್ಲಾ ತಲೆ ಎತ್ತದೆ ಯೂನಿಫಾರಂ ಹೊಲಿಯುತ್ತಿದ್ದ.

“ಏನ್ ಪ್ರಭಣ್ಣ, ನಿನ್ ಮದುವೇಲಿ ನಿನ್ನನ್ನೇ ಆಚೆ ಕೂರ್ಸವ್ರೆ.”

“ಹಿಂದಿನೋರೆಲ್ಲ ಅರ್ಧ ಗಂಟೇಲಿ ಟೀ ಕುಡ್ದು, ಸೈನ್ ಹಾಕಿ ಹೋಗೋರು ಸಾಬ್ರೆ. ತಂದ ಸಾಮಾನಿನ ಪೆಟ್ಟಿಗೇನೇ ತೆಗೀತಿರ್ಲಿಲ್ಲ. ಇವನು ಒಳಗೋಗಿ ಮೂರು ಗಂಟೆ ಆಯ್ತು.”

“ಹುಡುಗ ಇರ್ಬೇಕು. ಹುಡುಗ್ರು ಪೆಟ್ಟಿಗೆ ತೆಗೀತಾರೆ.”

ಹುಡುಗನೇ. ನವೀನ್ ಕುಮಾರ್ ಎಂದು ಹೆಸರು. ಅವನು ಪೆಟ್ಟಿಗೆಯನ್ನೂ ತೆಗೆದ, ಯಂತ್ರದ ತಲೆಯನ್ನೂ ಬಿಚ್ಚಿದ. ಬೆಳಕಿಗೂ ಕಿರಣಕ್ಕೂ ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿರುವುದನ್ನು ಕಂಡು, ಒಳಗಿನ ಕನ್ನಡಿಯನ್ನು ತಿರುಗಿಸಿ ಎರಡನ್ನೂ ಒಂದೇ ಜಾಗಕ್ಕೆ ತಂದ. ಹಳೆಯ ಬಲ್ಬು ಮಂಕಾಗಿತ್ತು, ಹೊಸದು ಹಾಕಿದ. ಆಮೇಲೆ ವರದಿಯಲ್ಲಿ ‘ಪಾಸ್’ ಎಂದು ಬರೆದ. ಇಷ್ಟನ್ನೂ ತರನ್ನುಮ್‌ಗೆ ವಿವರವಾಗಿ ಹೇಳಿದ. ತರನ್ನುಮ್ ಡಾಕ್ಟರಿಗೆ ವಿವರವಾಗಿ ಹೇಳಿದಳು. ಡಾಕ್ಟರ್ ಆಗ ಫೋನಿನಲ್ಲಿದ್ದರು. ತಲೆಯಾಡಿಸಿದರು.

ಸಂಜೆ ಶಿರಾ ಬಸ್ಸಿಗೆ ಹೊರಟ ತರನ್ನುಮ್ ಅಂಗಡಿಯ ಮುಂದೆ ನಿಂತಳು.

“ಅಂಕಲ್, ಲೈಟ್ ಸರಿ ಮಾಡಿದಾರೆ.”

“ಸರಿ ಆಯ್ತಾ?”

“ಪೂರ್ತಿ ಸರಿ. ಇನ್ಮೇಲೆ ಅದನ್ನ ನೋಡ್ಕೊಂಡು ಹಾಕಿ, ಆಯ್ತಾ?”

ಅಷ್ಟರಲ್ಲಿ ಬಸ್ಸು ಬಂತು. ಅವಳು ಓಡಿದಳು. ಪ್ರಭುದೇವ ಒಳಗೆ ಹೋಗಿ ಸ್ವಿಚ್ ಹಾಕಿದ. ಮೇಜಿನ ಮೇಲೆ ಬೆಳಕು ಹಾಲು ಚೆಲ್ಲಿದಂತೆ ಬಿತ್ತು. ಅವನಿಗೆ ಎಲ್ಲ ಅರ್ಥವಾಯಿತು. ಹುಡುಗ ಬಲ್ಬು ಬದಲಾಯಿಸಿದ್ದಾನೆ. ಲೈಟ್ ಸರಿ ಹೋಗಿದೆ. ಯಂತ್ರ ಪಾಸಾಗಿದೆ ಎಂದರೆ ತನ್ನ ಎರಡು ಬೆರಳೂ ಪಾಸಾದಂತೆಯೇ.

ನವೀನ್ ಕುಮಾರ್ ಎರಡು ವಸ್ತು ಬಿಟ್ಟುಹೋಗಿದ್ದ. ಒಂದು, ಗೋಡೆಗೆ ಅಂಟಿಸಿದ ಕಾಗದ: ಬೆಳಕಿನ ಚೌಕವನ್ನು ಬೇಕಾದಷ್ಟೇ ಜಾಗಕ್ಕೆ ಕಿರಿದು ಮಾಡಿ, ಲೋಹದ ಆಭರಣ ತೆಗೆಸಿ, ಒಂದೇ ಸಲ ತೆಗೆಯಿರಿ, ರೋಗಿಗೆ ಅನಗತ್ಯ ಕಿರಣ ಬೇಡ. ಇನ್ನೊಂದು, ಒಂದು ರಿಜಿಸ್ಟರು. ಯಾರಿಗಾದರೂ ಎರಡನೇ ಸಲ ಹೊಡೆದರೆ ಅದರಲ್ಲಿ ಕಾರಣ ಬರೆಯಬೇಕು.

ಡಾಕ್ಟರ್ ಹೇಳಿದರು: “ಆ ಹುಡುಗ ಡಿಪ್ಲೊಮಾದವರನ್ನೇ ಇಟ್ಕೊಳ್ಳಿ ಅಂತ ಹತ್ತು ಸಲ ಹೇಳಿ ಹೋದ. ತರನ್ನುಮ್‌ಗೂ ಇಲ್ಲಿಗೆ ಬರೋಕೆ ಮನಸ್ಸಿದೆ. ನಾನು ನಿನ್ನ ಇಟ್ಕೊಂಡಿರೋದು ಫಿಲ್ಮ್ ಹಾಳು ಮಾಡಲ್ಲ ಅಂತ. ರಿಜಿಸ್ಟರ್ ಖಾಲಿ ಇರಬೇಕು. ತುಂಬಿದರೆ ನೀನು ವಾಪಸ್ ವಾರ್ಡಿಗೆ, ಬೆಡ್‌ಪ್ಯಾನ್ ಎತ್ತೋಕೆ.”

“ಖಾಲಿ ಇರ್ತದೆ ಸಾರ್” ಎಂದ ಪ್ರಭುದೇವ.

ಮರುದಿನ ಹತ್ತು ಗಂಟೆಗೆ ರಿಜಿಸ್ಟರಿನ ಮೊದಲ ಸಾಲು ತುಂಬಿತು.

ಸಿದ್ದರಬೆಟ್ಟದಲ್ಲಿ ಜಾರಿ ಬಿದ್ದ ಸರೋಜಮ್ಮ ಎಂಬಾಕೆಯ ಪಾದದ ಗಿಣ್ಣು. ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ತೊಳೆದು ತಂದರೆ ಗಿಣ್ಣು ಅರ್ಧ ಮಾತ್ರ ಇತ್ತು. ಉಳಿದರ್ಧ ಎಡಗಡೆ ಅಂಚಿನಾಚೆ ಹೋಗಿತ್ತು.

“ನೀವು ಅಲ್ಲಾಡಿದ್ರಿ ಕಣಮ್ಮ.”

“ನಾನೆಲ್ಲಪ್ಪ ಅಲ್ಲಾಡ್ದೆ? ಅಲ್ಲಾಡ್ಸೋ ಅಂಗಿದ್ರೆ ನಡ್ಕೊಂಡು ಮನೇಗೋಗ್ತಿದ್ದೆ.”

ಎರಡನೇ ಸಲವೂ ಸರೋಜಮ್ಮ ಅಷ್ಟೇ ದೂರ ಅಲ್ಲಾಡಿದಳು. ಮೂರನೆಯದಕ್ಕೆ ದೊಡ್ಡ ಫಿಲ್ಮ್ ಹಾಕಿ, ಚೌಕವನ್ನು ಪೂರ್ತಿ ತೆರೆದು, ಮೊಣಕಾಲಿನ ತನಕ ಕಿರಣ ಬಿಟ್ಟು ಹೇಗೋ ಗಿಣ್ಣನ್ನು ಹಿಡಿದ. ಡಾಕ್ಟರ್ ಅದನ್ನು ನೋಡಿ, “ಗಿಣ್ಣು ಕೇಳಿದರೆ ಇಡೀ ಕಾಲು ಕೊಟ್ಟಿದ್ದೀಯ. ಗೋಡೆ ಮೇಲೆ ಏನು ಅಂಟಿಸಿದಾರೆ ಓದಿಲ್ವಾ?” ಎಂದರು.

ಆ ವಾರ ಕೊರಟಗೆರೆ ತಾಲೂಕಿನ ಜನರೆಲ್ಲ ಅಲ್ಲಾಡಿದರು. ಮುರಿದ ಮುಂಗೈ ಅಲ್ಲಾಡಿತು. ಪ್ರಜ್ಞೆ ಇಲ್ಲದ ಲಾರಿ ಕ್ಲೀನರ್ ಅಲ್ಲಾಡಿದ. ಪ್ರಭುದೇವ ರಿಜಿಸ್ಟರಿನ ಕಾರಣದ ಕಾಲಂನಲ್ಲಿ ಒಂದರ ಕೆಳಗೊಂದು ‘ರೋಗಿ ಅಲ್ಲಾಡಿದರು’ ಎಂದು ಬರೆದ. ಅವನು ಗಮನವಿಲ್ಲದ ಮನುಷ್ಯನೇನಲ್ಲ. ಎಲ್ಲರೂ ಎಡಕ್ಕೇ ಅಲ್ಲಾಡುತ್ತಿದ್ದಾರೆ ಎಂಬುದನ್ನು ಕಂಡುಹಿಡಿದ. ಕಾರಣವನ್ನೂ ಕಂಡುಹಿಡಿದ: ಎಡಗಡೆ ಕಿಟಕಿ ಇತ್ತು, ಆಚೆ ಬಸ್ ನಿಲ್ದಾಣ. ಜನ ತಮ್ಮ ಬಸ್ಸು ಬಂತೇ ಎಂದು ಆ ಕಡೆ ವಾಲುತ್ತಿದ್ದಾರೆ. ಇನಾಯತುಲ್ಲಾನಿಂದ ನೀಲಿ ಬಟ್ಟೆಯ ತುಂಡು ಇಸಿದುಕೊಂಡು ಬಂದು ಕಿಟಕಿ ಮುಚ್ಚಿದ. ಜನ ಕತ್ತಲಲ್ಲೂ ಎಡಕ್ಕೇ ಅಲ್ಲಾಡಿದರು. ಆಮೇಲೆ ಕೈಕಾಲನ್ನು ಬಟ್ಟೆಯ ಪಟ್ಟಿಯಿಂದ ಮೇಜಿಗೆ ಕಟ್ಟತೊಡಗಿದ. ಹೊರಗೆ ಕಾದಿದ್ದವರು ಬಾಗಿಲ ಸಂದಿಯಿಂದ ಅದನ್ನು ನೋಡಿ, ಇಬ್ಬರು ನೋವು ವಾಸಿಯಾಯಿತೆಂದು ಎದ್ದುಹೋದರು.

ಮನೆಯಲ್ಲಿ ಹೆಂಡತಿ ಪುಷ್ಪಾವತಿ ಹೇಳಿದಳು: “ಕಣ್ಣು ತೋರಿಸ್ಕೊಳ್ರಿ. ಮಜ್ಜಿಗೆ ಲೋಟಾನೂ ಎರಡು ಬೆರಳು ಬಲಕ್ಕೇ ಮಡಗ್ತೀರಿ. ನಿನ್ನೆ ಅರ್ಧ ಚಾಪೆ ಮ್ಯಾಲೆ ಚೆಲ್ತು.”

“ಜನ ಸರಿ ಇಲ್ಲ ಕಣೆ. ಮೊದ್ಲಿನ ಜನ ಅಲ್ಲಾಡ್ತಿರ್ಲಿಲ್ಲ.”

“ಹೂಂ. ಜನ ಎಲ್ಲ ಒಂದೇ ರಾತ್ರೀಲಿ ಕೆಟ್ಟೋದ್ರು, ನೀವೊಬ್ರು ಉಳ್ಕಂಡ್ರಿ.”

ಎಂಟನೇ ದಿನ ಮಹಾಲಿಂಗಯ್ಯ ಮೇಷ್ಟ್ರು ಬಂದರು. ನಿವೃತ್ತ ಡ್ರಿಲ್ ಮೇಷ್ಟ್ರು. ಕೆಮ್ಮಿಗೆಂದು ಡಾಕ್ಟರ್ ಎದೆಯ ಎಕ್ಸ್‌ರೇ ಬರೆದಿದ್ದರು. ಪ್ರಭುದೇವ ಅವರನ್ನು ಫಿಲ್ಮ್ ಸಿಕ್ಕಿಸುವ ಗೋಡೆಯ ಚೌಕಟ್ಟಿಗೆ ಎದೆ ಒತ್ತಿ ನಿಲ್ಲಿಸಿ, “ಅಲ್ಲಾಡಬ್ಯಾಡಿ ಮೇಷ್ಟ್ರೇ” ಎಂದ.

ಮೇಷ್ಟ್ರು ನಿಧಾನಕ್ಕೆ ತಿರುಗಿದರು. “ಯಾರಿಗೆ ಹೇಳ್ತಿದೀಯ?”

“ಎಲ್ರಿಗೂ ಹೇಳ್ತೀನಿ ಮೇಷ್ಟ್ರೇ.”

“ಮೂವತ್ನಾಲ್ಕು ವರ್ಷ ಈ ತಾಲೂಕಿನ ಹುಡುಗರಿಗೆ ಸಾವಧಾನ್ ನಿಲ್ಲೋದು ಕಲಿಸಿದೋನು ನಾನು. ನಿನಗೂ ಕಲಿಸಿದೀನಿ. ನೀನಾಗ್ಲೂ ನೆಟ್ಟಗೆ ನಿಲ್ತಿರಲಿಲ್ಲ.”

ಫಿಲ್ಮು ಬಂತು. ಎಡಗಡೆ ಎರಡು ಬೆರಳಿನಷ್ಟು ಎದೆ ಇರಲಿಲ್ಲ. ಬಲಗಡೆ ಎರಡು ಬೆರಳಿನಷ್ಟು ಬರೀ ಕತ್ತಲೆ ಇತ್ತು. ಪ್ರಭುದೇವ ಅಭ್ಯಾಸಬಲದಿಂದ, “ನೀವು ಅಲ್ಲಾಡಿದ್ರಿ” ಎಂದುಬಿಟ್ಟ.

ಮೇಷ್ಟ್ರು ಫಿಲ್ಮನ್ನು ಹಿಡಿದುಕೊಂಡು ಮೊದಲು ಡಾಕ್ಟರ ಕೋಣೆಗೆ, ಆಮೇಲೆ ಔಷಧಿ ಅಂಗಡಿಗೆ, ಆಮೇಲೆ ಬಸ್ ನಿಲ್ದಾಣಕ್ಕೆ ಹೋದರು. ಎಲ್ಲ ಕಡೆಯೂ ಸಾವಧಾನ್ ನಿಂತು ತೋರಿಸಿ, “ಇದು ಅಲ್ಲಾಡಿದ್ದಾ, ಹೇಳಿ” ಎಂದು ಕೇಳಿದರು. ಅಲ್ಲಾಡಿಲ್ಲ ಎಂದು ಜನ ಸಾಕ್ಷಿ ಹೇಳಿದರು. ನಡುವೆ ಅವರಿಗೆ ಕೆಮ್ಮು ಬರುತ್ತಿತ್ತು. ಕೆಮ್ಮುವಾಗಲೂ ಹಿಮ್ಮಡಿ ಕೂಡಿಸಿಕೊಂಡೇ ಇದ್ದರು. ಕೊನೆಗೆ ವರದಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿ ನವೀನ್ ಕುಮಾರನಿಗೆ ಹೇಳಿದರು: “ನೀನು ಪಾಸು ಮಾಡಿದ ಮಿಷನ್ನು ನಪಾಸಾಗಿದೆ. ಬಂದು ನೋಡು.” ಅವನು ಮುಂದಿನ ವಾರ ಮಧುಗಿರಿಯಲ್ಲಿ ಕೆಲಸವಿದೆ, ಬರುತ್ತೇನೆ ಎಂದ.

ಡಾಕ್ಟರ್ ರಿಜಿಸ್ಟರನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದರು. ಮೊದಲ ಪುಟ ತುಂಬಿತ್ತು.

“ಎಷ್ಟಾಯ್ತು ನೋಡು.”

“ಮೂವತ್ತು ಸಾರ್.”

“ಇನ್ನೊಂದೇ ಒಂದು ಸಾಲು ಬರೆದರೆ, ಅದರ ಕೆಳಗೆ ತರನ್ನುಮ್ ಸೈನ್ ಇರುತ್ತೆ. ನಿನ್ನದಲ್ಲ.”

ಮರುದಿನ ಮಧ್ಯಾಹ್ನ ಇನಾಯತುಲ್ಲಾ ಬಲಗೈ ತೋರುಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿ ಬಂದ. ಯೂನಿಫಾರಂ ಆತುರದಲ್ಲಿ ಹೊಲಿಗೆ ಯಂತ್ರದ ಸೂಜಿ ಬೆರಳಿನ ಮೇಲೇ ಇಳಿದಿತ್ತು. ಸೂಜಿ ಮುರಿದು, ಬುಡ ಯಂತ್ರದಲ್ಲಿ ಉಳಿದಿತ್ತು. ಮೊನೆ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಅವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರಿಗೂ ಗೊತ್ತು, ಪ್ರಭುದೇವನಿಗೂ ಗೊತ್ತು. ಇಬ್ಬರೂ ಹತ್ತು ವರ್ಷದಿಂದ ಅವನ ಅಂಗಡಿಯಲ್ಲಿ ಸಕ್ಕರೆ ಇಲ್ಲದ ಟೀ ಕುಡಿದವರು. “ಸೂಜಿ ಒಳಗಿದ್ರೆ ಇವತ್ತೇ ತೆಗೀಬೇಕು. ಬೆರಳಿಗೆ ಒಂದು ಫೋಟೋ ತಗೋ” ಎಂದರು ಡಾಕ್ಟರ್.

ಪ್ರಭುದೇವ ನಿಯಮದ ಪ್ರಕಾರ ಹೋದ. ಇನಾಯತುಲ್ಲಾನ ಬೆಳ್ಳಿ ಉಂಗುರ ಬಿಚ್ಚಿಸಿದ. ಕೈಯನ್ನು ಫಿಲ್ಮ್ ತುಂಬಿದ ಕ್ಯಾಸೆಟ್ಟಿನ ಮೇಲೆ ಬೋರಲು ಇರಿಸಿ ಪಟ್ಟಿ ಕಟ್ಟಿದ. ಕಾಗದ ಹೇಳಿದಂತೆ ಬೆಳಕಿನ ಚೌಕವನ್ನು ಎರಡು ಬೆರಳಿನಷ್ಟೇ ಅಗಲಕ್ಕೆ ಕಿರಿದು ಮಾಡಿದ. ತೋರುಬೆರಳು ಮತ್ತು ನಡುಬೆರಳಿನ ಮೇಲೆ ಬೆಳಕು ಬಿತ್ತು. ಆಮೇಲೆ ಅದನ್ನು ಎರಡು ಬೆರಳು ಬಲಕ್ಕೆ ಸರಿಸಿದ.

“ಪ್ರಭಣ್ಣ” ಎಂದ ಇನಾಯತುಲ್ಲಾ, “ಸೂಜಿ ಚುಚ್ಚಿರೋದು ಇದಕ್ಕೆ. ಬೆಳಕು ಬಿದ್ದಿರೋದು ಆ ಕಿರುಬೆರಳ ಕಡೆ.”

“ಬೆಳಕು ನಂಬಬ್ಯಾಡ ಸಾಬ್ರೆ.”

“ಅರೇ, ಕಣ್ಣಿಗೆ ಕಾಣ್ತೈತಲ್ಲ.”

“ಬೆಳಕಿಗೂ ಕಿರಣಕ್ಕೂ ಸಂಬಂಧ ಇಲ್ಲ. ನೀನು ಬಟ್ಟೆ ಕತ್ತರಿಸ್ವಾಗ ನಾನು ಹೇಳ್ತೀನಾ? ಸುಮ್ಕಿರು. ಅಲ್ಲಾಡಬ್ಯಾಡ.”

ಇನಾಯತುಲ್ಲಾ ಅಲ್ಲಾಡಲಿಲ್ಲ. ಪ್ರಭುದೇವ ಸೀಸದ ಪರದೆಯ ಹಿಂದೆ ಹೋಗಿ ಗುಂಡಿ ಒತ್ತಿದ.

ಒಂಬತ್ತು ದಿನದಲ್ಲಿ ಮೊದಲ ಸಲ ಚಿತ್ರ ಫಿಲ್ಮಿನ ನಡುಮಧ್ಯಕ್ಕೆ ಬಂದಿತ್ತು. ಎರಡು ಬೆರಳು, ಅಕ್ಕಪಕ್ಕ, ಅಂಚು ಕಡಿಯದೆ, ಸ್ವಚ್ಛವಾಗಿ. ಪ್ರಭುದೇವ ಅದನ್ನು ಒದ್ದೆ ಇರುವಾಗಲೇ ಎರಡು ಕೈಯಲ್ಲಿ ಹಿಡಿದು ಡಾಕ್ಟರಿಗೆ ಒಯ್ದ. ಡಾಕ್ಟರ್ ಕಿಟಕಿಗೆ ಹಿಡಿದು ನೋಡಿದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು. ಬೆರಳು ಬೆರಳಿನಂತೆಯೇ ಇದ್ದವು.

“ಸೂಜಿ ಇಲ್ಲ. ಆಚೆ ಬಿದ್ದಿರುತ್ತೆ” ಎಂದು ಒಂದು ಇಂಜೆಕ್ಷನ್, ಒಂದು ಪಟ್ಟಿ, ಐದು ದಿನದ ಮಾತ್ರೆ ಬರೆದರು.

ಉಂಗುರ ಕೈಯಲ್ಲೇ ಇದ್ದಿದ್ದರೆ ಫಿಲ್ಮಿನಲ್ಲಿ ಬಿಳಿಯಾಗಿ ಕಂಡು, ಇದು ಉಂಗುರದ ಬೆರಳು ಎಂದು ತಾನೇ ಹೇಳುತ್ತಿತ್ತು. ಆದರೆ ಅದನ್ನು ಸುರಕ್ಷತೆಯ ದೃಷ್ಟಿಯಿಂದ ಬಿಚ್ಚಿಸಲಾಗಿತ್ತು.

“ನೋಡ್ದಾ ಸಾಬ್ರೆ, ಒಂದೇ ಏಟು” ಎಂದ ಪ್ರಭುದೇವ.

ನಾಲ್ಕನೇ ದಿನ ಇನಾಯತುಲ್ಲಾನ ಹೆಂಡತಿ ಅಫ್ಜಲುನ್ನೀಸಾ ಬಂದಳು. ಕೈಯಲ್ಲಿ ಅಂಗಡಿಯಲ್ಲಿ ಬಿದ್ದ ಸೂಜಿ ಎತ್ತುವ ದೊಡ್ಡ ಅಯಸ್ಕಾಂತ. ಅದರ ತುಂಬ ಗುಂಡುಸೂಜಿಗಳು ಮುಳ್ಳುಹಂದಿಯ ಹಾಗೆ ನಿಂತಿದ್ದವು.

“ಅಣ್ಣಾ, ಮೂರು ದಿನದಿಂದ ಅಂಗಡಿ ಗುಡಿಸ್ತಿದೀನಿ. ಮಿಷನ್ ಎತ್ತಿ ನೋಡ್ದೆ. ಬಟ್ಟೆಯೆಲ್ಲ ಕೊಡವ್ದೆ. ನಲವತ್ಮೂರು ಗುಂಡುಸೂಜಿ ಸಿಕ್ತು. ಆ ಮೊನೆ ಮಾತ್ರ ಸಿಗ್ಲಿಲ್ಲ.”

“ಸಣ್ಣದಲ್ವಾ ತಾಯಿ. ಎಲ್ಲೋ ಬಿದ್ದಿರ್ತೈತೆ.”

“ನೆಲದಲ್ಲೂ ಇಲ್ಲ, ಬೆರಳಲ್ಲೂ ಇಲ್ಲ ಅಂದ್ರೆ ಅದೇನು ಹಜ್‌ಗೆ ಹೋಯ್ತಾ? ಅವ್ರಿಗೆ ರಾತ್ರಿಯೆಲ್ಲ ಜ್ವರ. ಬೆರಳು ಬದನೇಕಾಯಿ ಆಗೈತೆ. ಇನ್ನೊಂದು ಫೋಟೋ ಹೊಡೀರಿ.”

ಡಾಕ್ಟರ್ ಅಂದು ತುಮಕೂರಿಗೆ ಹೋಗಿದ್ದರು. ಪ್ರಭುದೇವ ಗೋಡೆಯ ಮೇಲಿನ ಕಾಗದವನ್ನು ತೋರಿಸಿದ. “ನೋಡಮ್ಮ, ಸುಮ್ಸುಮ್ನೆ ಎರಡೆರಡು ಸಲ ಕಿರಣ ಬಿಡಬಾರ್ದು. ಮೈಗೆ ಒಳ್ಳೇದಲ್ಲ. ಬರೆದಾಕವ್ರೆ.”

“ಮತ್ತೆ ಆ ಸರೋಜಮ್ಮಂಗೆ ಮೂರು ಸಲ ಬಿಟ್ರಂತೆ.”

“ಅವ್ರು ಅಲ್ಲಾಡಿದ್ರು. ಇನಾಯತ್ ಅಲ್ಲಾಡ್ಲಿಲ್ಲ. ಅವನ ಫೋಟೋ ಈ ತಿಂಗ್ಳಲ್ಲೇ ಚೆನ್ನಾಗಿ ಬಂದಿರೋದು.”

ಮೂವತ್ತೊಂದನೇ ಸಾಲು ಖಾಲಿಯಾಗಿಯೇ ಉಳಿಯಿತು. ಬೇರೆಯವರಿಗೆಲ್ಲ ಅವನು ಈಗ ಮೊದಲ ಏಟಿಗೇ ದೊಡ್ಡ ಫಿಲ್ಮ್ ಹಾಕುತ್ತಿದ್ದ. ಡಾಕ್ಟರ್ ವಾಪಸ್ ಬಂದಾಗ, ಇನಾಯತ್ ಹೇಗಿದ್ದಾನೆ ಎಂದು ಕೇಳಿದರು. ಮಾತ್ರೆ ನುಂಗುತ್ತಿದ್ದಾನೆ ಎಂದ ಪ್ರಭುದೇವ. ಅದು ಸುಳ್ಳಲ್ಲ.

ಎರಡು ದಿನದ ಮೇಲೆ ನವೀನ್ ಕುಮಾರ್ ಮಧುಗಿರಿ ಕೆಲಸ ಮುಗಿಸಿ ಬೈಕಿನಲ್ಲಿ ಬಂದ. ಪರೀಕ್ಷೆಯ ಪೆಟ್ಟಿಗೆ ತಂದಿರಲಿಲ್ಲ. ಮಹಾಲಿಂಗಯ್ಯ ಮೇಷ್ಟ್ರು ಮೊದಲೇ ಬಂದು ಬಾಗಿಲ ಬಳಿ ವಿಶ್ರಾಮ್ ನಿಂತಿದ್ದರು. ಈ ಸಲ ಪ್ರಭುದೇವನನ್ನು ಬಚ್ಚಿಡಲು ಡಾಕ್ಟರಿಗೆ ಸಮಯ ಸಿಗಲಿಲ್ಲ.

“ನಾಲ್ಕು ಸಣ್ಣ ಕಬ್ಬಿಣದ ಚೂರು ಬೇಕು” ಎಂದ ನವೀನ್. “ಬೆಳಕಿನ ನಾಲ್ಕು ಮೂಲೇಲಿ ಇಟ್ಟು ಒಂದು ಫೋಟೋ ತೆಗೆದರೆ ಗೊತ್ತಾಗಿಬಿಡುತ್ತೆ. ಗುಂಡುಸೂಜಿ ಆದ್ರೂ ಸಾಕು.”

“ತರ್ತೀನಿ ಸಾರ್” ಎಂದು ಪ್ರಭುದೇವ ರಸ್ತೆ ದಾಟಿದ.

ಅಂಗಡಿಯಲ್ಲಿ ಹೊಲಿಗೆ ಯಂತ್ರ ನಿಂತಿತ್ತು. ಇನಾಯತುಲ್ಲಾ ಮೂಲೆಯಲ್ಲಿ ಚಾಪೆಯ ಮೇಲೆ ಒರಗಿದ್ದ. ಬಲಗೈಯನ್ನು ನೀಲಿ ಬಟ್ಟೆಯ ಜೋಲಿಯಲ್ಲಿ ಮೇಲಕ್ಕೆ ಕಟ್ಟಿದ್ದರು. ತೋರುಬೆರಳಿನ ತುದಿ ಕಪ್ಪಾಗಿತ್ತು. ಬಾವು ನಡುಬೆರಳಿಗೆ ಹತ್ತಿತ್ತು. ಅಕ್ಕಪಕ್ಕದವರು ಕೂತು, ಅರಿಸಿನ ಹಾಕಿ, ಬೇವು ಹಾಕಿ, ದೃಷ್ಟಿ ತೆಗೆಸಿ ಎನ್ನುತ್ತಿದ್ದರು.

“ಬಂದ್ಯಾ ಪ್ರಭಣ್ಣ” ಎಂದ ಇನಾಯತುಲ್ಲಾ. “ನಾಳೆ ತುಮಕೂರಿಗೆ ಕರ್ಕೊಂಡೋಗ್ತಾರಂತೆ.”

“ಹೋಗ್ಬುಟ್ಟು ಬಾ ಸಾಬ್ರೆ. ನಾಲ್ಕು ಗುಂಡುಸೂಜಿ ಬೇಕಿತ್ತು.”

ಅಫ್ಜಲುನ್ನೀಸಾ ಅಯಸ್ಕಾಂತದಿಂದ ನಾಲ್ಕನ್ನು ಕಿತ್ತುಕೊಟ್ಟಳು. ಜೊತೆಗೆ ಒಂದು ಕವರನ್ನೂ ಕೊಟ್ಟಳು. “ಆ ಮಿಷನ್ ಸಾಹೇಬ್ರು ಬಂದವ್ರಂತಲ್ಲ. ಈ ಫೋಟೋ ತೋರ್ಸಿ. ಅವ್ರ ಕಣ್ಣಿಗಾದ್ರೂ ಸೂಜಿ ಕಾಣ್ಬಹುದು.”

ನವೀನ್ ಬೆಳಕಿನ ಚೌಕದ ನಾಲ್ಕು ಮೂಲೆಗೆ ನಾಲ್ಕು ಗುಂಡುಸೂಜಿ ಇಟ್ಟು ಫೋಟೋ ತೆಗೆದ. ತೊಳೆದು ತಂದ ಫಿಲ್ಮಿನಲ್ಲಿ ನಾಲ್ಕು ಸೂಜಿಯೂ ಕರಾರುವಾಕ್ಕಾಗಿ ನಾಲ್ಕು ಮೂಲೆಯಲ್ಲಿದ್ದವು.

“ನೋಡಿ ಮೇಷ್ಟ್ರೇ. ಬೆಳಕು ಎಲ್ಲಿದೆಯೋ ಕಿರಣಾನೂ ಅಲ್ಲೇ. ಮಿಷನ್ ಸರಿಯಾಗಿದೆ.”

“ಮಿಷನ್ ಸರಿ, ನಾನೂ ಸರಿ” ಎಂದರು ಮೇಷ್ಟ್ರು. “ಉಳಿದೋನು ಯಾರು?”

ಎಲ್ಲರೂ ಉಳಿದವನ ಕಡೆ ನೋಡಿದರು.

“ನೀವು ಹೆಂಗೆ ತೆಗೀತೀರಿ, ತೋರ್ಸಿ” ಎಂದ ನವೀನ್.

ಪ್ರಭುದೇವ ಕೋಟಿನ ಗುಂಡಿ ಹಾಕಿಕೊಂಡು ಮುಂದೆ ಬಂದ. ಹನ್ನೊಂದು ವರ್ಷದಲ್ಲಿ ಅವನ ವಿದ್ಯೆಯನ್ನು ಒಬ್ಬ ಇಂಜಿನಿಯರ್ ಕೇಳಿದ್ದು ಇದೇ ಮೊದಲು. ತನ್ನ ಕೈಯನ್ನೇ ಮೇಜಿನ ಮೇಲೆ ಇಟ್ಟು, ಬೆಳಕನ್ನು ತೋರುಬೆರಳಿಗೆ ತಂದು, ಎರಡು ಬೆರಳು ಬಲಕ್ಕೆ ಸರಿಸಿದ.

“ಇದ್ಯಾಕೆ ಬಲಕ್ಕೆ?”

“ಕಿರಣ ಎಡಕ್ಕೆ ಬೀಳ್ತದಲ್ಲ ಸಾರ್.”

“ಬೀಳ್ತಿತ್ತು. ನಾನು ಸರಿ ಮಾಡಿ ಹದಿನೈದು ದಿನ ಆಯ್ತು. ನಿಮಗೆ ಹೇಳಲಿಲ್ವಾ?”

“ಹೇಳಿದ್ರು. ಲೈಟ್ ಸರಿ ಮಾಡಿದಾರೆ ಅಂತ. ಹೊಸ ಬಲ್ಬು.”

“ಬಲ್ಬೂ ಹಾಕಿದೆ. ಲೈಟನ್ನೂ ಸರಿ ಮಾಡಿದೆ.”

ಪ್ರಭುದೇವ ಬೆಳಕಿನ ಚೌಕವನ್ನು ಮತ್ತೆ ತೋರುಬೆರಳಿನ ಮೇಲೆ ತಂದ. “ಹಂಗಾದ್ರೆ ಈಗ ಬೆಳಕು ನಂಬಬೋದಾ ಸಾರ್?” ಎಂದು ಕೇಳಿದ.

ನವೀನ್ ಡಾಕ್ಟರ ಕಡೆ ತಿರುಗಿದ. “ಇವರು ಯಾರು ಸಾರ್?”

“ವಾರ್ಡ್‌ಬಾಯ್” ಎಂದರು ಡಾಕ್ಟರ್.

ಕವರು ಇನ್ನೂ ಪ್ರಭುದೇವನ ಕಂಕುಳಲ್ಲಿತ್ತು. ಅದನ್ನು ತೆಗೆದು ನವೀನನ ಕೈಗೆ ಕೊಟ್ಟ. ನವೀನ್ ಬೆಳಕಿಗೆ ಹಿಡಿದು, ತನ್ನ ಕೈಯನ್ನು ಪಕ್ಕದಲ್ಲಿ ಇಟ್ಟುಕೊಂಡು ನೋಡಿದ.

“ಇದ್ಯಾರ ಉಂಗುರದ ಬೆರಳು, ಕಿರುಬೆರಳು? ಚೆನ್ನಾಗಿವೆಯಲ್ಲ. ಏನಾಗಿತ್ತು ಇದಕ್ಕೆ?”

ಮೇಷ್ಟ್ರಿಗೆ ಕೆಮ್ಮು ಬಂತು.

ಅರ್ಧ ಗಂಟೆಯಲ್ಲಿ ಇನಾಯತುಲ್ಲಾನನ್ನು ಎತ್ತಿಕೊಂಡು ಬಂದರು. ನವೀನ್ ತಾನೇ ಫೋಟೋ ತೆಗೆದ. ಬೆಳಕು ಬಿದ್ದ ಜಾಗದಲ್ಲೇ, ತೋರುಬೆರಳಿನ ಎರಡನೇ ಗೆಣ್ಣಿನ ಪಕ್ಕ, ಅರ್ಧ ಇಂಚಿನ ಬಿಳಿ ಗೆರೆ ಇತ್ತು. ಅಫ್ಜಲುನ್ನೀಸಾ ಅದನ್ನು ನೋಡಿ, “ಸಿಕ್ತಲ್ಲ” ಎಂದಳು.

ಡಾಕ್ಟರ ಕಾರಿನಲ್ಲೇ ತುಮಕೂರಿಗೆ ಕರೆದುಕೊಂಡು ಹೋದರು. ಅಲ್ಲಿ ಅಂದು ಒಂದು ಬೆರಳು ತೆಗೆದರು. ಮೂರನೇ ದಿನ ಪಕ್ಕದ್ದನ್ನೂ ತೆಗೆದರು. ಕತ್ತರಿ ಹಿಡಿಯಲು ಬೇಕಾದವು ಅವೇ ಎರಡು. ಫಿಲ್ಮಿನಲ್ಲಿ ಚೆನ್ನಾಗಿ ಬಂದಿದ್ದ ಎರಡು ಈಗಲೂ ಚೆನ್ನಾಗಿವೆ.

ನವೀನ್ ಕುಮಾರ್ ಕಂಡದ್ದನ್ನು ಕಂಡಂತೆ ಬರೆದು ಕಳಿಸಿದ. ಮೇಲಿನವರು ಬಂದು ಗೋಡೆಯ ಸರ್ಟಿಫಿಕೇಟನ್ನೂ ಮೊಳೆಯ ಬ್ಯಾಡ್ಜನ್ನೂ ನೋಡಿ, ಕೋಣೆಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿ ಹೋದರು. ಎಲ್ಲ ವಾರ್ಡ್‌ಬಾಯ್ ಮಾಡಿದ್ದು, ತನಗೆ ತಿಳಿಸದೆ ಮಾಡಿದ್ದು ಎಂದು ಹೇಳಿಕೆ ಕೊಟ್ಟು ಡಾಕ್ಟರ್ ಪ್ರಭುದೇವನನ್ನು ಕೆಲಸದಿಂದ ತೆಗೆದರು. ತರನ್ನುಮ್ ಶಿರಾದಲ್ಲೇ ಉಳಿದಳು. ಸಿದ್ದರಬೆಟ್ಟದಲ್ಲಿ ಜಾರಿದವರು ಈಗ ಮಧುಗಿರಿಯವರೆಗೆ ಕಾಲು ಹಿಡಿದುಕೊಂಡು ಹೋಗುತ್ತಾರೆ.

ಆಸ್ಪತ್ರೆಯಿಂದ ಬಂದ ಇನಾಯತುಲ್ಲಾನನ್ನು ನೋಡಲು ಪ್ರಭುದೇವ ಒಂದು ಸಲ ಹೋದ. ಅಫ್ಜಲುನ್ನೀಸಾ ಯಂತ್ರ ತುಳಿಯುತ್ತಿದ್ದಳು. ಅರ್ಧ ಯೂನಿಫಾರಂಗಳನ್ನು ಜನ ಹೊಲಿಯದ ಬಟ್ಟೆಯಾಗಿಯೇ ವಾಪಸ್ ಒಯ್ದಿದ್ದರು.

“ಕೂತ್ಕೋ” ಎಂದ ಇನಾಯತುಲ್ಲಾ. ಆಮೇಲೆ, “ಅವತ್ತು ನಾನು ಹೇಳ್ದೆ ಪ್ರಭಣ್ಣ. ಕಣ್ಣಿಗೆ ಕಾಣ್ತೈತೆ ಅಂದೆ” ಎಂದ.

“ಹೂಂ. ಹೇಳ್ದೆ” ಎಂದ ಪ್ರಭುದೇವ.

ಅಫ್ಜಲುನ್ನೀಸಾ ಟೀ ತಂದು ಅವನ ಮುಂದೆ ಇಟ್ಟಳು. ಅವನು ಲೋಟಕ್ಕೆ ಕೈ ಚಾಚಿದ. ಕೈ ಲೋಟಕ್ಕಿಂತ ಬಲಕ್ಕೆ ಹೋಯಿತು.

ಸೂಜಿಯ ಮೊನೆ ಸಿಕ್ಕಿತು, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಕಳೆದದ್ದು ಇಷ್ಟು: ಫಿಲ್ಮ್ ಮೂವತ್ತು, ಕೆಲಸ ಒಂದು, ಬೆರಳು ಎರಡು.